ಮಗುವಿಗೆ ಮೆನಿಂಜೈಟಿಸ್: 'ಇನ್ನೂ 48 ಗಂಟೆ ಏನೂ ಹೇಳೋಕಾಗಲ್ಲ' ಅಂದರೆ ಏನು?

ನಿನ್ನೆ ಸಂಜೆ ತನಕ ಆಡಿಕೊಂಡಿದ್ದ ಮಗು. ರಾತ್ರಿ ಜ್ವರ ಏರಿತು, ಎರಡು ಸಲ ವಾಂತಿ ಆಯಿತು. ಬೆಳಗ್ಗೆ ಎಬ್ಬಿಸಿದರೆ ಕಣ್ಣು ಪೂರ್ತಿ ಬಿಡುತ್ತಿಲ್ಲ. ಎತ್ತಿಕೊಂಡರೆ ಸಮಾಧಾನ ಆಗುವ ಬದಲು ಇನ್ನೂ ಜೋರಾಗಿ ಅಳುತ್ತದೆ. ಆಸ್ಪತ್ರೆಯ ಬಾಗಿಲಲ್ಲೇ ಒಂದು ಫಿಟ್ಸ್. ಆಮೇಲೆ ಎಲ್ಲವೂ ಗಡಿಬಿಡಿ. ಕೈಗೆ ಡ್ರಿಪ್, ಬೆನ್ನಿಗೆ ಸೂಜಿ, ಐಸಿಯು ಹಾಸಿಗೆ. ಹೊರಗೆ ನಿಂತ ಅಪ್ಪ ಅಮ್ಮನ ಕಿವಿಗೆ ಬೀಳುವುದು ಎರಡೇ ಮಾತು. ಒಂದು, 'ಮೆನಿಂಜೈಟಿಸ್ ಇರಬಹುದು.' ಇನ್ನೊಂದು, 'ಇನ್ನೂ 48 ಗಂಟೆ ಏನೂ ಹೇಳೋಕಾಗಲ್ಲ.'

ಈ ಎರಡನೇ ಮಾತು ಕೇಳಿದವರಿಗೆ ಡಾಕ್ಟರ್ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಬಹುದು. ಆದರೆ ಆ ಹೊತ್ತಿಗೆ ಅವರಿಗೂ ಉತ್ತರ ಗೊತ್ತಿರುವುದಿಲ್ಲ. ಉತ್ತರದ ಸುಳಿವುಗಳು ಒಂದೊಂದಾಗಿ ಬರುತ್ತಿರುತ್ತವೆ, ಅವರು ಅದನ್ನು ನೋಡುತ್ತಿರುತ್ತಾರೆ. ಮಗು ಉಳಿಯುತ್ತದಾ? ಉಳಿದರೆ ಮೊದಲಿನ ಹಾಗೇ ಇರುತ್ತದಾ? ಈ ಎರಡು ಪ್ರಶ್ನೆಗೆ ಸುಳಿವುಗಳು ಯಾವುವು, ಅವು ಯಾಕೆ ಮುಖ್ಯ ಅನ್ನುವುದನ್ನು ಬುಡದಿಂದ ನೋಡೋಣ.

ಇದು ಎಲ್ಲಿ ಆಗುವ ಕಾಯಿಲೆ?

ನಮ್ಮ ಮೆದುಳು ಮತ್ತು ಬೆನ್ನುಹುರಿಯನ್ನು ಮೂರು ತೆಳುವಾದ ಪೊರೆಗಳು ಸುತ್ತಿಕೊಂಡಿವೆ. ಈ ಪೊರೆಗಳಿಗೆ ಮೆನಿಂಜಸ್ ಅಂತ ಹೆಸರು. ಅವುಗಳಲ್ಲಿ ಉರಿಯೂತ ಆದರೆ ಮೆನಿಂಜೈಟಿಸ್. ಪೊರೆಗಳ ನಡುವೆ ನೀರಿನಂತೆ ತಿಳಿಯಾದ ಒಂದು ದ್ರವ ಹರಿಯುತ್ತಿರುತ್ತದೆ. ಮೆದುಳು ಒಂದು ರೀತಿಯಲ್ಲಿ ಅದರಲ್ಲಿ ತೇಲುತ್ತಿರುತ್ತದೆ. ಡಾಕ್ಟರುಗಳು ಅದನ್ನು ಸಿಎಸ್‌ಎಫ್ ಅನ್ನುತ್ತಾರೆ. ನಾವಿಲ್ಲಿ ಮೆದುಳಿನ ನೀರು ಅಂತಲೇ ಕರೆಯೋಣ.

ಮಾತಿನಲ್ಲಿ 'ಮೆದುಳು ಜ್ವರ' ಅನ್ನುವ ಪದ ಓಡಾಡುತ್ತದೆ. ಅದರಿಂದ ಗೊಂದಲವೇ ಜಾಸ್ತಿ. ಮೆದುಳಿಗೇ ಸೋಂಕು ತಗುಲಿದರೆ ಅದು ಎನ್ಸೆಫಲೈಟಿಸ್, ಹೆಚ್ಚಾಗಿ ವೈರಸ್‌ನಿಂದ ಬರುವಂಥದ್ದು. ಪೊರೆಗೆ ತಗುಲಿದರೆ ಮೆನಿಂಜೈಟಿಸ್. ಮೆನಿಂಜೈಟಿಸ್ ಕೂಡ ವೈರಸ್‌ನಿಂದ ಬರಬಹುದು. ಆಗ ಬಹುತೇಕ ಮಕ್ಕಳು ವಾರದಲ್ಲಿ ಎದ್ದು ಓಡಾಡುತ್ತಾರೆ. ಬ್ಯಾಕ್ಟೀರಿಯದಿಂದ ಬಂದರೆ ಮಾತ್ರ ಗಂಟೆಗಳ ಲೆಕ್ಕ. ಈ ಲೇಖನ ಅದರ ಬಗ್ಗೆಯೇ.

ಯಾವ ಬ್ಯಾಕ್ಟೀರಿಯ ಅನ್ನುವುದು ಮಗುವಿನ ವಯಸ್ಸಿನ ಮೇಲೆ ನಿಂತಿದೆ. ಹುಟ್ಟಿದ ಮೊದಲ ತಿಂಗಳಲ್ಲಿ ಹೆಚ್ಚಾಗಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಮತ್ತು ಈ-ಕೋಲೈ. ಇವು ಹಲವು ಸಲ ಹೆರಿಗೆ ಸಮಯದಲ್ಲಿ ತಾಯಿಯಿಂದ ಬರುತ್ತವೆ. ಅದಾದ ಮೇಲೆ ಮುಖ್ಯವಾಗಿ ಮೂರು: ನ್ಯುಮೊಕಾಕಸ್, ಮೆನಿಂಗೊಕಾಕಸ್ ಮತ್ತು ಹಿಬ್. ಹಿಬ್ ಅಂದರೆ ಹಿಮೋಫಿಲಸ್ ಇನ್‌ಫ್ಲುಯೆಂಜಾ ಟೈಪ್ ಬಿ. ಹೆಸರಲ್ಲಿ ಇನ್‌ಫ್ಲುಯೆಂಜಾ ಇದ್ದರೂ ಅದಕ್ಕೂ ಫ್ಲೂ ಜ್ವರಕ್ಕೂ ಸಂಬಂಧ ಇಲ್ಲ. 1892ರಲ್ಲಿ ಫ್ಲೂ ರೋಗಿಗಳಲ್ಲಿ ಇದು ಕಂಡದ್ದರಿಂದ ಇದೇ ಫ್ಲೂಗೆ ಕಾರಣ ಅಂದುಕೊಂಡಿದ್ದರು. ಅದು ತಪ್ಪು ಅಂತ ಗೊತ್ತಾದ ಮೇಲೂ ಹೆಸರು ಹಾಗೇ ಉಳಿದುಬಿಟ್ಟಿತು.

ಗಂಟಲಲ್ಲಿದ್ದದ್ದು ಮೆದುಳಿನ ತನಕ ಹೇಗೆ ಹೋಯಿತು?

ಈ ಮೂರೂ ಬ್ಯಾಕ್ಟೀರಿಯ ಎಷ್ಟೋ ಆರೋಗ್ಯವಂತ ಮಕ್ಕಳ ಮೂಗು, ಗಂಟಲಲ್ಲಿ ಸುಮ್ನೆ ಇರುತ್ತವೆ. ಏನೂ ಮಾಡುವುದಿಲ್ಲ. ಯಾವಾಗಲೋ ಒಮ್ಮೆ, ಯಾವುದೋ ಒಂದು ಮಗುವಿನಲ್ಲಿ, ಅವು ಗಂಟಲಿನ ಒಳಪದರ ದಾಟಿ ರಕ್ತಕ್ಕೆ ಇಳಿಯುತ್ತವೆ. ರಕ್ತದಲ್ಲಿ ಹರಿದು ಮೆದುಳಿನ ನೀರಿಗೆ ತಲುಪುತ್ತವೆ. ಕೆಲವು ಸಲ ಹತ್ತಿರದ ದಾರಿಯೂ ಸಿಗುತ್ತದೆ. ಕಿವಿ ಸೋರುವ ಸೋಂಕು, ಸೈನಸ್ ಸೋಂಕು, ತಲೆಗೆ ಪೆಟ್ಟು ಬಿದ್ದು ಬುರುಡೆಯಲ್ಲಾದ ಬಿರುಕು.

ರಕ್ತದಲ್ಲಿದ್ದದ್ದೆಲ್ಲ ಮೆದುಳಿಗೆ ಹೋಗದಂತೆ ದೇಹ ಒಂದು ಬಿಗಿಯಾದ ತಡೆ ಇಟ್ಟಿದೆ. ಒಳ್ಳೆಯದೇ. ಆದರೆ ಅದರಿಂದ ಒಂದು ತೊಂದರೆಯೂ ಇದೆ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಆಂಟಿಬಾಡಿಗಳು ಕೂಡ ಆ ನೀರಿನಲ್ಲಿ ತೀರ ಕಡಿಮೆ. ಗೇಟು ಗಟ್ಟಿಯಾಗಿದೆ, ಒಳಗೆ ಕಾವಲುಗಾರರಿಲ್ಲ. ಒಮ್ಮೆ ಒಳನುಗ್ಗಿದ ಬ್ಯಾಕ್ಟೀರಿಯಕ್ಕೆ ಹೇಳುವವರು ಕೇಳುವವರು ಇರುವುದಿಲ್ಲ. ಒಂದು ಎರಡಾಗಿ, ಎರಡು ನಾಲ್ಕಾಗಿ ಕೆಲವೇ ಗಂಟೆಗಳಲ್ಲಿ ಲಕ್ಷಗಟ್ಟಲೆ ಆಗುತ್ತವೆ.

ದೇಹಕ್ಕೆ ಗೊತ್ತಾದಾಗ ಅದು ಪೂರ್ತಿ ಬಲ ಹಾಕಿ ತಿರುಗಿ ಬೀಳುತ್ತದೆ. ರಕ್ತನಾಳಗಳು ಸೋರುತ್ತವೆ, ಮೆದುಳು ಊದಿಕೊಳ್ಳುತ್ತದೆ. ಕೈಗೆ ಪೆಟ್ಟಾದರೆ ಊದಲು ಜಾಗ ಇದೆ. ತಲೆಬುರುಡೆ ಗಟ್ಟಿ ಡಬ್ಬಿ ಇದ್ದಂತೆ, ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರುತ್ತದೆ, ರಕ್ತ ಹರಿಯುವುದು ಕಷ್ಟವಾಗುತ್ತದೆ. ಸಣ್ಣ ರಕ್ತನಾಳಗಳು ಮುಚ್ಚಿಕೊಂಡರೆ ಮೆದುಳಿನ ಆ ತುಂಡಿಗೆ ಪಾರ್ಶ್ವವಾಯುವಿನಲ್ಲಿ ಆಗುವಂಥದ್ದೇ ಹಾನಿ. ಹಾಗಾಗಿ ಈ ಕಾಯಿಲೆಯಲ್ಲಿ ಕೆಡುಕು ಮಾಡುವುದು ಬ್ಯಾಕ್ಟೀರಿಯ ಮಾತ್ರ ಅಲ್ಲ, ದೇಹದ ಸ್ವಂತ ಉರಿಯೂತವೂ ಹೌದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಯಾರಿಗೆ ಬರುವ ಸಾಧ್ಯತೆ ಜಾಸ್ತಿ?

ಐದು ವರ್ಷದೊಳಗಿನವರಿಗೆ, ಅದರಲ್ಲೂ ಒಂದು ವರ್ಷ ತುಂಬದ ಕೂಸುಗಳಿಗೆ. ಅವುಗಳ ರೋಗನಿರೋಧಕ ಶಕ್ತಿ ಇನ್ನೂ ಕಲಿಯುವ ಹಂತದಲ್ಲಿರುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ, ಕಡಿಮೆ ತೂಕದ ಶಿಶುಗಳಿಗೆ, ಹೆರಿಗೆಗೆ ತುಂಬ ಹೊತ್ತು ಮುಂಚೆಯೇ ತಾಯಿಯ ಗರ್ಭದ ನೀರು ಒಡೆದಿದ್ದರೆ ಅಪಾಯ ಇನ್ನೂ ಹೆಚ್ಚು. ಸ್ಪ್ಲೀನ್ (ರಕ್ತದಲ್ಲಿನ ರೋಗಾಣುಗಳನ್ನು ಸೋಸುವ ಅಂಗ) ಇಲ್ಲದ ಅಥವಾ ಅದು ಸರಿಯಾಗಿ ಕೆಲಸ ಮಾಡದ ಮಕ್ಕಳು, ಸಿಕಲ್ ಸೆಲ್ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರು, ಎಚ್‌ಐವಿ ಇರುವವರು, ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲೆಂದು ಒಳಗಿವಿಗೆ ಅಳವಡಿಸುವ ಸಾಧನ) ಹಾಕಿಸಿಕೊಂಡವರು ಕೂಡ ಈ ಪಟ್ಟಿಯಲ್ಲಿದ್ದಾರೆ. ಇಕ್ಕಟ್ಟಾದ ಜಾಗದಲ್ಲಿ ತುಂಬ ಜನ ಮಲಗುವುದು, ಮನೆಯೊಳಗಿನ ಸಿಗರೇಟ್ ಹೊಗೆ, ಇವೂ ಅಪಾಯವನ್ನು ಹೆಚ್ಚಿಸುತ್ತವೆ.

ಆದರೆ ಒಂದು ಮಾತು ಬಿಡಿಸಿ ಹೇಳಬೇಕು. ಆಸ್ಪತ್ರೆ ಸೇರುವ ಹಲವು ಮಕ್ಕಳಲ್ಲಿ ಇದ್ಯಾವುದೂ ಇರುವುದಿಲ್ಲ. ಚೆನ್ನಾಗಿ ಬೆಳೆಯುತ್ತಿದ್ದ ಮಗುವಿಗೇ ಬಂದಿರುತ್ತದೆ. ತಣ್ಣೀರು ಕುಡಿಸಿದ್ದಕ್ಕೆ, ಗಾಳಿಗೆ ಕರೆದುಕೊಂಡು ಹೋಗಿದ್ದಕ್ಕೆ ಬಂತು ಅಂತ ತಾಯಿಯನ್ನು ಬೈಯುವುದರಲ್ಲಿ ಯಾವ ಅರ್ಥವೂ ಇಲ್ಲ.

ಇದರಲ್ಲಿ ನಮ್ಮ ಕೈಯಲ್ಲಿರುವ ದೊಡ್ಡ ಸಂಗತಿ ಲಸಿಕೆ. ಹಿಬ್ ಲಸಿಕೆ ಬರುವ ಮೊದಲು ಅಮೆರಿಕ ಒಂದರಲ್ಲೇ ವರ್ಷಕ್ಕೆ ಸುಮಾರು 20,000 ಪುಟ್ಟ ಮಕ್ಕಳಿಗೆ ತೀವ್ರ ಹಿಬ್ ಸೋಂಕು ಆಗುತ್ತಿತ್ತು. ಅದರಲ್ಲಿ ಹೆಚ್ಚಿನದು ಮೆನಿಂಜೈಟಿಸ್. ಲಸಿಕೆ ಬಂದ ಮೇಲೆ ಅದು 99 ಶೇಕಡಾ ಇಳಿಯಿತು. ಆಫ್ರಿಕಾದಲ್ಲಿ ಸೆನೆಗಲ್‌ನಿಂದ ಇಥಿಯೋಪಿಯ ತನಕ ಚಾಚಿರುವ 'ಮೆನಿಂಜೈಟಿಸ್ ಪಟ್ಟಿ'ಯಲ್ಲಿ ಎ ಗುಂಪಿನ ಮೆನಿಂಗೊಕಾಕಸ್ ಪದೇ ಪದೇ ಊರಿಗೆ ಊರನ್ನೇ ಹಿಡಿಯುತ್ತಿತ್ತು. 2010ರಲ್ಲಿ ಅದಕ್ಕೆಂದೇ ತಯಾರಾದ ಲಸಿಕೆ ಹಾಕಲು ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಗುಂಪು ಹೆಚ್ಚುಕಡಿಮೆ ಕಾಣೆಯಾಯಿತು.

ಎಳೆಗೂಸಿನಲ್ಲಿ ಕುತ್ತಿಗೆ ಬಿಗಿಯಲಿ ಅಂತ ಕಾಯಬೇಡಿ

ಮೆನಿಂಜೈಟಿಸ್ ಅಂದ ಕೂಡಲೇ ಜ್ವರ, ತಲೆನೋವು, ಕುತ್ತಿಗೆ ಬಿಗಿತ ಅಂತ ಎಲ್ಲರೂ ಹೇಳುತ್ತಾರೆ. ದೊಡ್ಡ ಮಕ್ಕಳ ವಿಷಯದಲ್ಲಿ ಅದು ಸರಿ. ಗಲ್ಲ ಎದೆಗೆ ತಾಗಿಸಲು ಆಗುವುದಿಲ್ಲ, ಬೆಳಕು ನೋಡಿದರೆ ಕಣ್ಣು ಮುಚ್ಚಿಕೊಳ್ಳುತ್ತಾರೆ, ವಾಂತಿ, ಮಂಪರು. ಆದರೆ ಆರು ತಿಂಗಳ ಕೂಸು ತಲೆನೋವು ಅಂತ ಹೇಳುವುದಿಲ್ಲ. ಅದರ ಕುತ್ತಿಗೆಯೂ ಎಷ್ಟೋ ಸಲ ಮೆದುವಾಗಿಯೇ ಇರುತ್ತದೆ. ಅದರ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿರುವುದಿಲ್ಲ. ಒತ್ತಡ ಏರಿದರೆ ನೆತ್ತಿಯ ಮೆದು ಭಾಗ ಉಬ್ಬುತ್ತದೆ.

ಕೂಸಿನಲ್ಲಿ ನೋಡಬೇಕಾದ್ದು ಬೇರೆ. ಹಾಲು ಕುಡಿಯುವುದಿಲ್ಲ. ಅಳು ಎಂದಿನಂತಿಲ್ಲ, ಕೀರಲಾಗಿ ಒಂದೇ ಸಮ. ಎತ್ತಿಕೊಂಡು ಆಡಿಸಿದರೆ ಅಳು ಜಾಸ್ತಿಯಾಗುತ್ತದೆ, ಯಾಕೆಂದರೆ ಅಲುಗಿದರೆ ಅದಕ್ಕೆ ನೋವು. ಮೈ ಬಟ್ಟೆಯಂತೆ ಜೋತುಬೀಳುತ್ತದೆ, ಇಲ್ಲವೇ ಸೆಟೆಯುತ್ತದೆ. ನವಜಾತ ಶಿಶುವಿನಲ್ಲಿ ಜ್ವರವೇ ಇಲ್ಲದಿರಬಹುದು, ಮೈ ತಣ್ಣಗೂ ಆಗಿರಬಹುದು. 'ಮಗು ಯಾಕೋ ಸರಿಯಿಲ್ಲ' ಅಂತ ತಾಯಿಗೆ ಅನ್ನಿಸಿದ್ದನ್ನು ಹಗುರವಾಗಿ ತೆಗೆದುಕೊಳ್ಳಬಾರದು ಅನ್ನುವುದು ಇಂಥ ಕಾರಣಕ್ಕೇ.

ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಕಂಡರೆ ಒಂದು ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ ನೋಡಿ. ಒತ್ತಿದಾಗಲೂ ಚುಕ್ಕೆ ಮಾಸದಿದ್ದರೆ ಅದು ಚರ್ಮದಡಿ ಆದ ರಕ್ತಸ್ರಾವ. ಮೆನಿಂಗೊಕಾಕಸ್ ರಕ್ತದಲ್ಲಿ ಹರಡಿರುವ ಸೂಚನೆ ಆಗಿರಬಹುದು. ಚರ್ಮದ ಬಣ್ಣ ಗಾಢವಾಗಿದ್ದರೆ ಅಂಗೈ, ಅಂಗಾಲು, ಕಣ್ಣು ರೆಪ್ಪೆಯ ಒಳಭಾಗ ನೋಡಬೇಕು. ಚುಕ್ಕೆ ಬರಲಿ ಅಂತ ಕಾಯುವುದೂ ತಪ್ಪು. ಬರದೇ ಇರುವ ಮೆನಿಂಜೈಟಿಸ್ ಬೇಕಾದಷ್ಟಿದೆ.

ಬೆನ್ನಿನಿಂದ ನೀರು ತೆಗೆಯುವುದು

ಕಾಯಿಲೆ ಹೌದೋ ಅಲ್ಲವೋ ಅಂತ ಖಚಿತವಾಗಿ ಹೇಳಬೇಕಾದರೆ ಮೆದುಳಿನ ನೀರನ್ನೇ ನೋಡಬೇಕು. ಅದಕ್ಕೆ ಲಂಬರ್ ಪಂಕ್ಚರ್ ಮಾಡುತ್ತಾರೆ. ಜರ್ಮನಿಯ ವೈದ್ಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ಹೇಳಿಕೊಟ್ಟ ವಿಧಾನ. ಇವತ್ತಿಗೂ ಇದಕ್ಕೆ ಬದಲಿ ಇಲ್ಲ.

ಬಹಳಷ್ಟು ಹೆತ್ತವರು ಹೆದರುವುದು ಇಲ್ಲಿಯೇ. 'ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತಂತೆ' ಅನ್ನುವ ಮಾತು ಕೇಳಿರುತ್ತಾರೆ. ಸಹಿ ಹಾಕಲು ಕೈ ನಡುಗುತ್ತದೆ. ಆದ್ದರಿಂದ ಸ್ವಲ್ಪ ಹತ್ತಿರದಿಂದ ನೋಡೋಣ. ನರ್ಸ್ ಮಗುವನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಹೊಟ್ಟೆಗೆ ತಾಗುವ ಹಾಗೆ ಮಡಿಸಿ ಹಿಡಿದುಕೊಳ್ಳುತ್ತಾರೆ. ಬೆನ್ನು ಬಿಲ್ಲಿನಂತೆ ಬಾಗಿದಾಗ ಮೂಳೆಗಳ ಸಂದು ಅಗಲವಾಗುತ್ತದೆ. ಡಾಕ್ಟರ್ ಸೊಂಟದ ಮೂಳೆಯ ಮೇಲಂಚನ್ನು ಬೆರಳಿನಿಂದ ಹುಡುಕಿ, ಅದರ ನೇರಕ್ಕೆ ಬೆನ್ನಿನ ಮಧ್ಯೆ ಗುರುತು ಮಾಡುತ್ತಾರೆ. ಆ ಜಾಗವನ್ನೇ ಆರಿಸುವುದು ಯಾಕೆ? ಯಾಕೆಂದರೆ ಬೆನ್ನುಹುರಿ ಅಷ್ಟು ಕೆಳಗೆ ಬರುವುದೇ ಇಲ್ಲ, ಮೇಲೆಯೇ ಮುಗಿದಿರುತ್ತದೆ. ಅಲ್ಲಿಂದ ಕೆಳಗೆ ಇರುವುದು ನೀರು, ಅದರಲ್ಲಿ ತೇಲುವ ನರದ ಎಳೆಗಳು. ಸೂಜಿ ಬಂದರೆ ಅವು ಪಕ್ಕಕ್ಕೆ ಸರಿಯುತ್ತವೆ. ಸಣ್ಣ ಬಾಟಲಿಗಳಿಗೆ ಎಣಿಸಿದಷ್ಟು ಹನಿ ಬೀಳುತ್ತವೆ, ಎಲ್ಲ ಸೇರಿ ಒಂದೆರಡು ಮಿಲಿ. ದೇಹ ಆ ನೀರನ್ನು ದಿನವಿಡೀ ತಯಾರಿಸುತ್ತಲೇ ಇರುತ್ತದೆ, ತೆಗೆದದ್ದು ಬೇಗನೆ ತುಂಬಿಕೊಳ್ಳುತ್ತದೆ.

ಆ ಹನಿಗಳು ಏನು ಹೇಳುತ್ತವೆ? ಆರೋಗ್ಯವಂತ ಮಗುವಿನದ್ದು ಕುಡಿಯುವ ನೀರಿನಷ್ಟು ತಿಳಿ. ಸೋಂಕಿದ್ದರೆ ಹಲವು ಸಲ ಅಕ್ಕಿ ತೊಳೆದ ನೀರಿನಂತೆ ಕದಡಿರುತ್ತದೆ. ಲ್ಯಾಬ್‌ನಲ್ಲಿ ಬಿಳಿ ರಕ್ತಕಣ ಎಣಿಸುತ್ತಾರೆ. ನವಜಾತ ಹಂತ ದಾಟಿದ ಮಗುವಿನಲ್ಲಿ ಒಂದು ಮೈಕ್ರೊಲೀಟರ್‌ಗೆ ಐದಕ್ಕಿಂತ ಕಡಿಮೆ ಇರಬೇಕಾದ್ದು ನೂರು, ಸಾವಿರ ದಾಟಿರುತ್ತದೆ. ಸಕ್ಕರೆ ಅಂಶ ಸಾಮಾನ್ಯವಾಗಿ ರಕ್ತದಲ್ಲಿರುವುದರ ಮೂರರಲ್ಲಿ ಎರಡು ಭಾಗ ಇರಬೇಕು, ಅದು ಅರ್ಧಕ್ಕಿಂತ ಕೆಳಗೆ ಕುಸಿದಿರುತ್ತದೆ. ಪ್ರೊಟೀನ್ ಏರಿರುತ್ತದೆ. ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯವನ್ನು ಬೆಳೆಸಿ ನೋಡಲು, ಇಟ್ಟರೆ ಒಂದೆರಡು ದಿನದಲ್ಲಿ ಬ್ಯಾಕ್ಟೀರಿಯದ ಹೆಸರು ಸಿಗುತ್ತದೆ. ಯಾವ ಔಷಧಿಗೆ ಅದು ಬಗ್ಗುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಆ 48 ಗಂಟೆಗೆ ಇದೂ ಒಂದು ಕಾರಣ.

ಆಸ್ಪತ್ರೆಗೆ ಬರುವ ಮುಂಚೆ ಆಂಟಿಬಯಾಟಿಕ್ ಕೊಟ್ಟಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು. ಕಾಯಿಲೆ ಇರುತ್ತದೆ, ಗುರುತು ಸಿಗುವುದಿಲ್ಲ. ಮೊದಲು ಕೊಟ್ಟ ಸಿರಪ್, ಇಂಜೆಕ್ಷನ್ ಏನೇ ಇರಲಿ, ಅದರ ಚೀಟಿ ತೋರಿಸಿ. ಬ್ಯಾಕ್ಟೀರಿಯದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಇರುವ ಕಡೆ ಸತ್ತ ಬ್ಯಾಕ್ಟೀರಿಯದ ಸುಳಿವೂ ಸಿಗುತ್ತದೆ.

ಕೆಲವು ಮಕ್ಕಳಿಗೆ ಈ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರೆ. ತಲೆಯೊಳಗೆ ಒತ್ತಡ ತುಂಬ ಏರಿದ ಲಕ್ಷಣ ಇದ್ದರೆ, ರಕ್ತದೊತ್ತಡ ಕುಸಿದು ಮಗು ಶಾಕ್‌ನಲ್ಲಿದ್ದರೆ ಆಗ ನೀರು ತೆಗೆಯುವುದು ಸುರಕ್ಷಿತ ಅಲ್ಲ. ಆದರೆ ಔಷಧಿ ಮಾತ್ರ ಕಾಯುವುದಿಲ್ಲ.

ಮೊದಲ ಡೋಸ್

ಬ್ಯಾಕ್ಟೀರಿಯ ಮೆನಿಂಜೈಟಿಸ್ ಅನುಮಾನ ಬಂದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಹೋಗಬೇಕು ಅನ್ನುವುದು ಗುರಿ. ರಿಪೋರ್ಟ್ ಬರುವ ತನಕ ಕಾಯುವುದಿಲ್ಲ. ಹೆಚ್ಚಾಗಿ ಸೆಫ್ಟ್ರಿಯಾಕ್ಸೋನ್‌ನಂಥದ್ದು. ಆ ಬಿಗಿಯಾದ ತಡೆಯನ್ನು ದಾಟಬೇಕಾದ್ದರಿಂದ ಡೋಸ್ ದೊಡ್ಡದು. ಮಾತ್ರೆಯಲ್ಲಿ ಆಗುವ ಕೆಲಸ ಅಲ್ಲ, ರಕ್ತನಾಳಕ್ಕೇ ಕೊಡಬೇಕು. ಎಷ್ಟು ದಿನ ಅನ್ನುವುದು ಬ್ಯಾಕ್ಟೀರಿಯದ ಮೇಲೆ. ಮೆನಿಂಗೊಕಾಕಸ್‌ಗೆ 5ರಿಂದ 7 ದಿನ, ಹಿಬ್‌ಗೆ 7ರಿಂದ 10, ನ್ಯುಮೊಕಾಕಸ್‌ಗೆ 10ರಿಂದ 14. ನವಜಾತ ಶಿಶುವಿನ ಈ-ಕೋಲೈಗೆ ಮೂರು ವಾರ. ಮಗು ನಾಲ್ಕನೇ ದಿನ ನಗುತ್ತಾ ಕೂತಿದ್ದರೂ ಇಂಜೆಕ್ಷನ್ ನಿಲ್ಲಿಸುವ ಹಾಗಿಲ್ಲ.

ಉರಿಯೂತವೂ ಹಾನಿ ಮಾಡುತ್ತದೆ ಅಂದೆನಲ್ಲ, ಅದು ಈಗ ಬೇಕು. ಆಂಟಿಬಯಾಟಿಕ್ ಬ್ಯಾಕ್ಟೀರಿಯವನ್ನು ಒಡೆದಾಗ ಅದರ ಚೂರುಗಳು ನೀರಿನಲ್ಲಿ ಹರಡುತ್ತವೆ. ಆ ಚೂರುಗಳಿಂದಲೇ ಉರಿಯೂತ ಸ್ವಲ್ಪ ಹೊತ್ತು ಇನ್ನೂ ಏರುತ್ತದೆ. ಅದನ್ನು ತಗ್ಗಿಸಲು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಅನ್ನು ಮೊದಲ ಡೋಸ್‌ಗಿಂತ ತುಸು ಮುಂಚೆ ಅಥವಾ ಅದರ ಜೊತೆಗೇ ಕೊಡುತ್ತಾರೆ. ಹಿಬ್ ಮೆನಿಂಜೈಟಿಸ್‌ನಲ್ಲಿ ಇದು ಕಿವುಡುತನವನ್ನು ಕಡಿಮೆ ಮಾಡುತ್ತದೆ ಅನ್ನುವುದು ಸ್ಪಷ್ಟ. ಆದರೆ ಎಲ್ಲ ಮಕ್ಕಳಿಗೂ ಒಂದೇ ಲಾಭ ಕಂಡಿಲ್ಲ. ಮಲಾವಿ ದೇಶದ ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ಅಲ್ಲಿ ಮಕ್ಕಳು ತಡವಾಗಿ ಬಂದಿದ್ದರು, ಹಲವರಿಗೆ ಎಚ್‌ಐವಿಯೂ ಇತ್ತು. ಹಾಗಾಗಿ ಒಬ್ಬ ಡಾಕ್ಟರ್ ಕೊಟ್ಟರು, ಇನ್ನೊಬ್ಬರು ಕೊಡಲಿಲ್ಲ ಅಂದರೆ ಒಬ್ಬರು ತಪ್ಪು ಮಾಡಿದರು ಅಂತಲ್ಲ.

ಯಾವುದನ್ನು ನೋಡಿ ಅಂದಾಜು ಮಾಡುತ್ತಾರೆ?

ಆಸ್ಪತ್ರೆ ಸೇರಿದ ಮಕ್ಕಳ ಮೇಲೆ ಬೇರೆ ಬೇರೆ ದೇಶಗಳಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಕೆಲವು ಸಂಗತಿಗಳು ಎಲ್ಲ ಕಡೆಯೂ ಮತ್ತೆ ಮತ್ತೆ ಕಾಣುತ್ತವೆ.

ಎಲ್ಲಕ್ಕಿಂತ ಹೆಚ್ಚು ತೂಕ ಇರುವುದು ಮಗು ಬಂದಾಗ ಎಷ್ಟು ಎಚ್ಚರ ಇತ್ತು ಅನ್ನುವುದಕ್ಕೆ. ಕರೆದರೆ ತಿರುಗಿ ನೋಡುತ್ತದಾ? ನೋವು ಮಾಡಿದರೆ ಕೈ ಎಳೆದುಕೊಳ್ಳುತ್ತದಾ? ಅಮ್ಮನ ಮುಖ ಹುಡುಕುತ್ತದಾ? ಇದಕ್ಕೆಲ್ಲ ಅಂಕ ಕೊಟ್ಟು ಕೂಡಿಸುವ ಅಳತೆಗೋಲೇ ಕೋಮಾ ಸ್ಕೋರ್. ನರ್ಸ್ ಗಂಟೆಗಂಟೆಗೂ ಬಂದು ಮಗುವನ್ನು ಎಬ್ಬಿಸುವುದು, ಕಣ್ಣಿಗೆ ಟಾರ್ಚ್ ಬಿಡುವುದು ಇದಕ್ಕಾಗಿ. ಮಗುವಿಗೆ ನಿದ್ದೆ ಮಾಡಲು ಬಿಡುವುದಿಲ್ಲವಲ್ಲ ಅಂತ ಬೇಸರ ಆಗುತ್ತದೆ, ನಿಜ. ಆದರೆ ನಿದ್ದೆಗೂ ಪ್ರಜ್ಞೆ ಇಳಿಯುವುದಕ್ಕೂ ವ್ಯತ್ಯಾಸ ತಿಳಿಯಲು ಎಬ್ಬಿಸಿ ನೋಡಲೇಬೇಕು. ಪೂರ್ತಿ ಪ್ರಜ್ಞೆ ತಪ್ಪಿ ಬಂದ ಮಗುವಿಗೆ ಅಪಾಯ ಹೆಚ್ಚು. ಮಾತಾಡಿಸಿದರೆ ಸ್ಪಂದಿಸುವ ಮಗುವಿನ ವಿಷಯದಲ್ಲಿ ಭರವಸೆ ಹೆಚ್ಚು.

ಎರಡನೆಯದು ಫಿಟ್ಸ್. ಇಲ್ಲಿ ಒಂದು ಸಮಾಧಾನದ ವಿಷಯ ಇದೆ. ಮೆನಿಂಜೈಟಿಸ್ ಬಂದ ಮಕ್ಕಳಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ಶುರುವಿನಲ್ಲಿ ಫಿಟ್ಸ್ ಬರುತ್ತದೆ. ಮೊದಲ ಎರಡು ಮೂರು ದಿನದಲ್ಲಿ ಬಂದು, ಔಷಧಿಗೆ ನಿಂತುಹೋದರೆ ಅದೊಂದರಿಂದಲೇ ಮುಂದೆ ತೊಂದರೆ ಅಂತ ಹೇಳುವ ಹಾಗಿಲ್ಲ. ತುಂಬ ಹೊತ್ತು ನಿಲ್ಲದ ಫಿಟ್ಸ್, ದೇಹದ ಒಂದೇ ಕಡೆ ಬರುವಂಥದ್ದು, ನಾಲ್ಕನೇ ದಿನದ ನಂತರವೂ ಮರುಕಳಿಸುವಂಥದ್ದು ಮಾತ್ರ ಒಳಗೆ ಹೆಚ್ಚು ಹಾನಿ ಆಗಿರುವ ಸೂಚನೆ.

ಮೂರನೆಯದು ಕೇಳಿದಾಗ ತಲೆಕೆಳಗಾದಂತೆ ಅನ್ನಿಸುತ್ತದೆ. ಮೆದುಳಿನ ನೀರಿನಲ್ಲಿ ಬಿಳಿ ರಕ್ತಕಣ ತುಂಬ ಇದ್ದರೆ ಸೋಂಕು ಜೋರಾಗಿದೆ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಆದರೆ ಬ್ಯಾಕ್ಟೀರಿಯ ತುಂಬಿಕೊಂಡಿದ್ದೂ ಬಿಳಿ ಕಣ ತೀರ ಕಡಿಮೆ ಇದ್ದರೆ ಅದೇ ಕೆಟ್ಟ ಸೂಚನೆ. ಬೆಂಕಿ ಹತ್ತಿ ಉರಿಯುತ್ತಿದೆ, ಆರಿಸುವವರು ಇನ್ನೂ ಬಂದೇ ಇಲ್ಲ ಅಂತ ಅರ್ಥ. ರಕ್ತದಲ್ಲಿ ಬಿಳಿ ಕಣ ಕುಸಿದಿದ್ದರೂ ಇದೇ ಮಾತು. ಮೆದುಳಿನ ನೀರಿನಲ್ಲಿ ಸಕ್ಕರೆ ತುಂಬ ಇಳಿದಿರುವುದು, ಪ್ರೊಟೀನ್ ತುಂಬ ಏರಿರುವುದು ಕೂಡ ಮುಂದಿನ ತೊಂದರೆಗಳ ಜೊತೆ, ಅದರಲ್ಲೂ ಕಿವುಡುತನದ ಜೊತೆ, ಹೊಂದಿಕೊಂಡು ಬರುತ್ತದೆ.

ಇನ್ನು ಯಾವ ಬ್ಯಾಕ್ಟೀರಿಯ ಅನ್ನುವುದು. ಮೂರರಲ್ಲಿ ನ್ಯುಮೊಕಾಕಸ್ ಅತಿ ಕಠಿಣ. ಮೆನಿಂಗೊಕಾಕಸ್‌ದು ಬೇರೆ ರೀತಿ. ಅದು ರಕ್ತದಲ್ಲಿ ಹರಡಿ ಶಾಕ್ ಮಾಡಿದರೆ ಒಂದೇ ದಿನದಲ್ಲಿ ಜೀವ ಹೋಗಬಹುದು, ಕೈಕಾಲಿನ ಬೆರಳಿಗೆ ರಕ್ತ ಹರಿಯುವುದು ನಿಂತು ಕತ್ತರಿಸಬೇಕಾಗಬಹುದು. ಶಾಕ್ ಇಲ್ಲದೆ ಬರೀ ಮೆನಿಂಜೈಟಿಸ್ ಆಗಿದ್ದರೆ ಚೇತರಿಕೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ವಯಸ್ಸು ಎಷ್ಟು ಕಡಿಮೆಯೋ ಅಪಾಯ ಅಷ್ಟು ಜಾಸ್ತಿ. ಅಪೌಷ್ಟಿಕತೆ, ತೀವ್ರ ರಕ್ತಹೀನತೆ, ಎಚ್‌ಐವಿ ಇದ್ದರೂ ಹಾಗೆಯೇ. ಈ ಎಲ್ಲದರ ಹಿಂದೆ ನಿಂತಿರುವುದು ತಡ. ಮೂರು ನಾಲ್ಕು ದಿನ ಬರೀ ಜ್ವರದ ಔಷಧಿ ಕೊಟ್ಟು, ಕೊನೆಗೆ ಪ್ರಜ್ಞೆ ತಪ್ಪಿದ ಮೇಲೆ ಬಂದ ಮಗುವಿನಲ್ಲಿ ಮೇಲೆ ಹೇಳಿದ ಕೆಟ್ಟ ಸೂಚನೆಗಳು ಒಟ್ಟಿಗೇ ಇರುತ್ತವೆ. ಇದರಲ್ಲಿ ಹೆತ್ತವರ ತಪ್ಪೇ ಅಂತೇನಿಲ್ಲ. ಶುರುವಿನಲ್ಲಿ ಈ ಕಾಯಿಲೆ ಮಾಮೂಲಿ ಜ್ವರದಂತೆಯೇ ಕಾಣುತ್ತದೆ, ಡಾಕ್ಟರಿಗೂ ಮೊದಲ ಸಲ ನೋಡಿದಾಗ ಗೊತ್ತಾಗದೇ ಹೋಗುತ್ತದೆ.

ಲೆಕ್ಕದಲ್ಲಿ ಹೇಳುವುದಾದರೆ

ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ನ್ಯುಮೊಕಾಕಸ್ ಅಥವಾ ಹಿಬ್ ಮೆನಿಂಜೈಟಿಸ್ ಬಂದ ಮಕ್ಕಳು ಉಳಿಯುವುದೇ ಅಪರೂಪವಾಗಿತ್ತು. ಈಗ ಹೆಚ್ಚಿನವರು ಉಳಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ, ಬ್ಯಾಕ್ಟೀರಿಯ ಮೆನಿಂಜೈಟಿಸ್ ಬಂದ ಆರು ಜನರಲ್ಲಿ ಸುಮಾರು ಒಬ್ಬರು ಸಾಯುತ್ತಾರೆ, ಐದರಲ್ಲಿ ಒಬ್ಬರಿಗೆ ತೀವ್ರ ತೊಂದರೆಗಳು ಉಳಿಯುತ್ತವೆ. 2019ರಲ್ಲಿ ಜಗತ್ತಿನಾದ್ಯಂತ ಎಲ್ಲ ಬಗೆಯ ಮೆನಿಂಜೈಟಿಸ್‌ನಿಂದ ಸತ್ತವರು ಸುಮಾರು 2,36,000 ಎಂಬ ಅಂದಾಜಿದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು.

ಡಿಸ್ಚಾರ್ಜ್ ಆದ ಮೇಲೆ ಏನು ಅನ್ನುವುದಕ್ಕೆ 2010ರಲ್ಲಿ ಬಂದ ಒಂದು ವಿಶ್ಲೇಷಣೆ ಉಪಯೋಗಕ್ಕೆ ಬರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ್ದರು. ಬದುಕಿ ಮನೆಗೆ ಹೋದವರಲ್ಲಿ ದೊಡ್ಡ ತೊಂದರೆ ಉಳಿಯುವ ಸಾಧ್ಯತೆ ನ್ಯುಮೊಕಾಕಸ್ ಬಂದವರಿಗೆ ಸುಮಾರು 25 ಶೇಕಡಾ, ಹಿಬ್‌ಗೆ 9ರಿಂದ 10, ಮೆನಿಂಗೊಕಾಕಸ್‌ಗೆ 7. ದೊಡ್ಡ ತೊಂದರೆ ಅಂದರೆ ಕಿವುಡು, ಪದೇ ಪದೇ ಫಿಟ್ಸ್, ಕೈಕಾಲು ಆಡದಿರುವುದು, ಕಣ್ಣು ಕಾಣದಿರುವುದು, ಬುದ್ಧಿ ಬೆಳವಣಿಗೆ ಕುಂಠಿತವಾಗುವುದು, ತಲೆಯಲ್ಲಿ ನೀರು ತುಂಬಿಕೊಳ್ಳುವುದು. ಬಡ ದೇಶಗಳಲ್ಲಿ ಈ ಸಂಖ್ಯೆಗಳು ಇನ್ನೂ ಮೇಲೆ.

ಇವು ಗುಂಪಿನ ಲೆಕ್ಕ. ಹಾಸಿಗೆಯ ಮೇಲಿರುವ ಒಂದು ಮಗುವಿನ ಭವಿಷ್ಯ ಶೇಕಡಾ ಲೆಕ್ಕದಲ್ಲಿ ಬರುವುದಿಲ್ಲ. ತುಂಬ ಕೆಟ್ಟ ಸ್ಥಿತಿಯಲ್ಲಿ ಬಂದು ಪೂರ್ತಿ ಚೇತರಿಸಿಕೊಂಡ ಮಕ್ಕಳಿದ್ದಾರೆ.

ವಾರ್ಡಿನ ದಿನಗಳು

ಜ್ವರ ಮೊದಲ ಡೋಸ್‌ಗೇ ಇಳಿಯುವುದಿಲ್ಲ, ಹಲವು ದಿನ ಹಿಡಿಯಬಹುದು. ವಾರ ದಾಟಿದರೂ ಇದ್ದರೆ ಕಾರಣ ಹುಡುಕುತ್ತಾರೆ. ಕೂಸುಗಳಲ್ಲಿ ಮೆದುಳಿನ ಮೇಲೆ ನೀರು ಕೂಡುವುದುಂಟು. ಸ್ಕ್ಯಾನ್‌ನಲ್ಲಿ ಅದು ಕಂಡರೆ ಗಾಬರಿ ಆಗುತ್ತದೆ. ಬಹುಪಾಲು ತಾನಾಗಿಯೇ ಇಂಗುತ್ತದೆ. ಅದು ಕೀವಾದರೆ ಅಥವಾ ಮೆದುಳನ್ನು ಒತ್ತಿದರೆ ಮಾತ್ರ ತೆಗೆಯಬೇಕು. ಪದೇ ಪದೇ ರಕ್ತ ತೆಗೆದು ಸೋಡಿಯಂ ನೋಡುತ್ತಾರೆ, ಯಾಕೆಂದರೆ ಅದು ಇಳಿದರೆ ಮೆದುಳು ಇನ್ನಷ್ಟು ಊದುತ್ತದೆ, ಫಿಟ್ಸ್ ಬರುತ್ತದೆ. ನರ್ಸ್ ದಿನಾ ಟೇಪ್ ಹಿಡಿದು ಕೂಸಿನ ತಲೆ ಸುತ್ತಳತೆ ತೆಗೆದರೆ ಅದು ತಲೆಯಲ್ಲಿ ನೀರು ತುಂಬುತ್ತಿದೆಯೇ ಅಂತ ನೋಡಲು.

ಮನೆಯಲ್ಲಿ ಉಳಿದವರಿಗೆ ಏನು? ಮೆನಿಂಗೊಕಾಕಸ್ ಅಂತ ಗೊತ್ತಾದರೆ ಜೊತೆಗೆ ಮಲಗಿದವರಿಗೆ, ತೀರ ಹತ್ತಿರ ಇದ್ದವರಿಗೆ ತಡೆಗಟ್ಟಲು ಆಂಟಿಬಯಾಟಿಕ್ ಕೊಡುತ್ತಾರೆ. ಹಿಬ್ ಆಗಿದ್ದು ಮನೆಯಲ್ಲಿ ಲಸಿಕೆ ಆಗದ ಪುಟ್ಟ ಮಕ್ಕಳಿದ್ದರೂ ಕೊಡುತ್ತಾರೆ. ನ್ಯುಮೊಕಾಕಸ್‌ಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಮನೆಗೆ ಹೋಗುವ ಮೊದಲು ಕಿವಿ

ಮಗು ಎದ್ದು ಕೂತಿದೆ, ಊಟ ಮಾಡುತ್ತಿದೆ, ನಗುತ್ತಿದೆ. ಎಲ್ಲರಿಗೂ ಮನೆಗೆ ಹೋಗುವ ಆತುರ. ಮುಖ್ಯವಾದ ಒಂದು ಪರೀಕ್ಷೆ ತಪ್ಪಿಹೋಗುವುದು ಇದೇ ಹೊತ್ತಿನಲ್ಲಿ.

ಬ್ಯಾಕ್ಟೀರಿಯ ಮೆನಿಂಜೈಟಿಸ್ ಬಿಟ್ಟುಹೋಗುವ ತೊಂದರೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಕಿವುಡುತನ. ಮೆದುಳಿನ ಸುತ್ತಲಿನ ನೀರಿನಿಂದ ಒಳಗಿವಿಗೆ ಒಂದು ಕೂದಲೆಳೆಯಷ್ಟು ಸಣ್ಣ ಕಾಲುವೆ ಇದೆ. ಸೋಂಕು ಅದರ ಮೂಲಕ ಕಿವಿಗೆ ಇಳಿಯುತ್ತದೆ. ಅಲ್ಲಿ ಶಬ್ದವನ್ನು ಹಿಡಿಯುವ ಸೂಕ್ಷ್ಮ ಕೋಶಗಳು ಮೊದಲ ಕೆಲವು ದಿನಗಳಲ್ಲೇ ಹಾಳಾಗುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಒಂದು ವರ್ಷದ ಮಗುವಿಗೆ ಕೇಳಿಸುತ್ತಿಲ್ಲ ಅನ್ನುವುದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಮುಖ ನೋಡಿ ನಗುತ್ತದೆ, ಕೈ ತೋರಿಸಿದರೆ ಬರುತ್ತದೆ. ಎರಡು ವರ್ಷವಾದರೂ ಮಾತು ಬರಲಿಲ್ಲ ಅಂದಾಗ ಗೊತ್ತಾಗುತ್ತದೆ. ಒಂದು ಸುಳಿವು ಇದೆ: ಮೊದಲು ಚೆನ್ನಾಗಿ ನಡೆಯುತ್ತಿದ್ದ ಮಗು ಕಾಯಿಲೆಯ ನಂತರ ತೂರಾಡಿದರೆ ಕಿವಿಯನ್ನು ಅನುಮಾನಿಸಬೇಕು. ದೇಹದ ಸಮತೋಲನ ಕಾಯುವ ಅಂಗವೂ ಒಳಗಿವಿಯಲ್ಲೇ ಇದೆ.

ಇದರಲ್ಲಿ ಕಾಲಾವಕಾಶ ಕಡಿಮೆ. ಉರಿಯೂತ ಆದ ಒಳಗಿವಿಯೊಳಗೆ ಕೆಲವರಲ್ಲಿ ವಾರಗಳಲ್ಲೇ ಮೂಳೆ ಬೆಳೆಯಲು ಶುರುವಾಗುತ್ತದೆ. ಒಮ್ಮೆ ಅದು ತುಂಬಿಕೊಂಡರೆ ಕಾಕ್ಲಿಯರ್ ಇಂಪ್ಲಾಂಟ್‌ನ ತಂತಿ ಒಳಗೆ ಹೋಗುವುದೇ ಕಷ್ಟ. ಅದಕ್ಕೇ ಡಿಸ್ಚಾರ್ಜ್‌ಗೆ ಮೊದಲು, ಆಗದಿದ್ದರೆ ನಾಲ್ಕು ವಾರದೊಳಗೆ ಕಿವಿ ಪರೀಕ್ಷೆ ಆಗಲೇಬೇಕು.

ಪರೀಕ್ಷೆಯಲ್ಲಿ ನೋವಿಲ್ಲ. ಸಾಮಾನ್ಯವಾಗಿ ಬೇರಾ ಟೆಸ್ಟ್ ಅನ್ನುತ್ತಾರೆ. ಮಗುವನ್ನು ಮಲಗಿಸುತ್ತಾರೆ, ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಹಣೆಗೆ, ಕಿವಿಯ ಹಿಂದೆ ಸಣ್ಣ ಅಂಟುಪಟ್ಟಿಗಳು. ಕಿವಿಗೆ ಪುಟ್ಟ ಇಯರ್‌ಫೋನ್. ಅದರಿಂದ ಟಿಕ್ ಟಿಕ್ ಅಂತ ಸದ್ದು ಬಿಡುತ್ತಾರೆ, ಮೊದಲು ಜೋರು, ಆಮೇಲೆ ಮೆಲ್ಲಗೆ. ಮಗು ಏನೂ ಹೇಳಬೇಕಾಗಿಲ್ಲ. ಕೇಳಿಸಿದ್ದರೆ ಪರದೆಯ ಮೇಲೆ ಸಣ್ಣ ಅಲೆಗಳು ಏಳುತ್ತವೆ. ಒಂದು ಕಿವಿ ಮುಗಿದ ಮೇಲೆ ಇನ್ನೊಂದು ಕಿವಿ. ಡಿಸ್ಚಾರ್ಜ್ ಚೀಟಿಯಲ್ಲಿ ಇದರ ದಿನಾಂಕ ಬರೆದಿಲ್ಲದಿದ್ದರೆ ಅಲ್ಲೇ ನಿಂತು ಕೇಳಿ ಬರೆಸಿಕೊಳ್ಳಿ.